ಸ್ಟೆಪ್ನಿಯಲ್ಲೂ ಗಾಳಿ ಇಲ್ಲದಿದ್ದರೆ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುತ್ತಾ, ವಯಸ್ಸಾದ ಲೈನ್‌ಮನ್ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರೆ ‘ಅಪಾಯ ಕಡಿಮೆ, ತಂಡಕ್ಕೆ ಆಳ ಬರುತ್ತದೆ’ ಎಂದಿದ್ದೀರಿ. ನಾನು ಕಾನ್ಸಾಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿದ್ದೇನೆ. 2024ರಲ್ಲಿ ನಮ್ಮ ಚೀಫ್ಸ್ ತಂಡದವರು ಹೀಗೇ ಡಿ.ಜೆ. ಹಂಫ್ರೀಸ್ ಅವರನ್ನು ಕರೆತಂದರು. ಒಂದು ಪಂದ್ಯ ಮುಗಿಯುವಷ್ಟರಲ್ಲಿ ಅವರು ತೊಡೆ ಹಿಡಿದುಕೊಂಡು ಹೊರಗೆ ಹೋದರು. ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಸೋತೆವು. ಪಂಕ್ಚರ್ ಆಯ್ತು ಅಂತ ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ ಅಂದ ಹಾಗಾಯ್ತು. ಇದಕ್ಕೆ ಕಡಿಮೆ ಅಪಾಯ ಅಂತೀರಾ? ಇನ್ನೊಂದು, ಈ ಹಳಬರನ್ನೆಲ್ಲ ಸೀಸನ್ ಶುರುವಾದ ಮೇಲೇ ಯಾಕೆ ಕರೆಯುತ್ತಾರೆ? ಕೊನೆಯದಾಗಿ, ‘ಡೆಪ್ತ್’ಗೆ ನೀವು ‘ಆಳ’ ಅಂತ ಬರೆದದ್ದನ್ನು ಓದಿ ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ‘ಬಾವಿ ತೋಡ್ತಾರಾ ಅಲ್ಲಿ?’ ಅಂತ ಕೇಳಿದಳು.

(ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ.)

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯವರ ನಗುವಿಗೆ ಶರಣು. ‘ಆಳ’ ಎಂದು ಬರೆದದ್ದು ನಾನೇ. ಸಂಚಿಕೆ ಪ್ರೆಸ್ಸಿಗೆ ಹೋಗುವ ಹಿಂದಿನ ರಾತ್ರಿ ಬೇರೆ ಪದ ಹೊಳೆಯಲಿಲ್ಲ. ‘ಬದಲಿ ಆಟಗಾರ’ ಅಂದರೆ ಕ್ರಿಕೆಟ್‌ನ ಹನ್ನೆರಡನೆಯವನ ನೆನಪಾಗುತ್ತದೆ. ‘ಎರಡನೇ ಸಾಲು’ ಅಂದರೆ ಮದುವೆ ಊಟದ ಪಂಕ್ತಿ. ನಿಮ್ಮ ಸ್ಟೆಪ್ನಿಯೇ ಎಲ್ಲಕ್ಕಿಂತ ಸರಿಯಾಗಿದೆ. ಈ ಉತ್ತರದಲ್ಲಿ ಅದನ್ನೇ ಬಳಸುತ್ತೇನೆ.

‘ಅಪಾಯ ಕಡಿಮೆ’ ಎಂದು ಬರೆದಾಗ ನನ್ನ ತಲೆಯಲ್ಲಿ ಇದ್ದದ್ದು ದುಡ್ಡಿನ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಹಂಫ್ರೀಸ್ ಅವರ ಒಪ್ಪಂದ ಹೆಚ್ಚೆಂದರೆ 45 ಲಕ್ಷ ಡಾಲರ್. ಆ ವರ್ಷ ಒಂದೊಂದು ತಂಡಕ್ಕೆ ಇದ್ದ ಸಂಬಳದ ಮಿತಿ 25.54 ಕೋಟಿ ಡಾಲರ್. ಅಂದರೆ ನೂರಕ್ಕೆ ಎರಡೂ ಇಲ್ಲ. ಕನಿಷ್ಠ ಸಂಬಳಕ್ಕೆ ಬರುವ ಹಳಬರ ವಿಷಯದಲ್ಲಿ ಇನ್ನೂ ಅನುಕೂಲ. 2024ರಲ್ಲಿ ಏಳು ಅಥವಾ ಜಾಸ್ತಿ ವರ್ಷ ಆಡಿದವರ ಕನಿಷ್ಠ ಸಂಬಳ 12.10 ಲಕ್ಷ ಡಾಲರ್. ಒಂದೇ ವರ್ಷದ ಒಪ್ಪಂದವಾದರೆ ತಂಡದ ಮಿತಿಯ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 9.85 ಲಕ್ಷ ಮಾತ್ರ. ದುಬಾರಿ ಅಂತ ಹಳಬರನ್ನು ಯಾರೂ ಕೈಬಿಡಬಾರದು ಎಂದು ಲೀಗ್ ಮಾಡಿಕೊಂಡಿರುವ ಏರ್ಪಾಡು ಇದು. ಹೋದರೆ ಹೋಗಲಿ ಎನ್ನುವ ದುಡ್ಡು.

ನಾನು ಎಡವಿದ್ದು ಇಲ್ಲಿ. ದುಡ್ಡು ಹೋದರೆ ಮಾಲೀಕರದ್ದು ಹೋಗುತ್ತದೆ. ಆ ಹಳಬ ಮುಗ್ಗರಿಸಿದರೆ ಏಟು ಬೀಳುವುದು ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೆ. ಈ ಎರಡನ್ನೂ ಒಂದೇ ಪದದಲ್ಲಿ ಸೇರಿಸಿ ಬರೆದುಬಿಟ್ಟೆ.

ಈ ಆಟ ನೋಡದ ನಮ್ಮ ಓದುಗರಿಗಾಗಿ ಸ್ವಲ್ಪ ವಿವರ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ಜನ ಗೋಡೆಯ ಹಾಗೆ ನಿಲ್ಲುತ್ತಾರೆ. ಇವರೇ ಲೈನ್‌ಮನ್‌ಗಳು. ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಗಡೆಗೆ ತಿರುಗಿರುತ್ತದೆ. ಆ ಕಡೆಯಿಂದ ಬರುವವನು ಅವನಿಗೆ ಕಾಣುವುದೇ ಇಲ್ಲ. ಅದಕ್ಕೇ ಲೆಫ್ಟ್ ಟ್ಯಾಕಲ್‌ಗೆ ಅಷ್ಟು ಬೆಲೆ. ಅವನ ಕೆಲಸ ಮುಂದಕ್ಕೆ ನುಗ್ಗುವುದಲ್ಲ. ಅರ್ಧ ಕೂತ ಭಂಗಿಯಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ, ಓಡಿ ಬರುವ ಸವಾ ಕ್ವಿಂಟಲ್ ಮನುಷ್ಯನನ್ನು ತಡೆಯಬೇಕು. ಭಾರವೆಲ್ಲ ಮಂಡಿಯ ಮೇಲೆ, ತೊಡೆಯ ಮೇಲೆ.

ಇದನ್ನು ಒಬ್ಬನೇ ಮಾಡುವುದಕ್ಕೂ ಆಗುವುದಿಲ್ಲ. ಕಬಡ್ಡಿಯಲ್ಲಿ ಮೂಲೆಯವನು ಮತ್ತು ಅವನ ಪಕ್ಕದವನು ಕೈ ಹಿಡಿದು ನಿಲ್ಲುವುದನ್ನು ನೋಡಿದ್ದೀರಲ್ಲ, ಅಂಥದ್ದೇ ಜೋಡಿ ಇಲ್ಲಿ ಗಾರ್ಡ್ ಮತ್ತು ಟ್ಯಾಕಲ್. ಎದುರಿನ ಇಬ್ಬರು ದಾರಿ ಅದಲುಬದಲು ಮಾಡಿಕೊಂಡು ನುಗ್ಗಿದರೆ, ‘ನಿನ್ನವನು ನನಗೆ, ನನ್ನವನು ನಿನಗೆ’ ಎಂದು ಇವರೂ ಆ ಕ್ಷಣದಲ್ಲೇ ಬದಲಿಸಿಕೊಳ್ಳಬೇಕು. ಬೇಸಿಗೆಯಿಡೀ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿದರೆ ಮಾತ್ರ ಇದು ಕೈಗೆ ಹತ್ತುತ್ತದೆ.

ಈಗ ಹಂಫ್ರೀಸ್ ಅವರ ವಿಷಯ. 2015ರಲ್ಲಿ, ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಅರಿಜೋನಾಗೆ ಆಯ್ಕೆಯಾದವರು. ಒಳ್ಳೆಯ ಲೆಫ್ಟ್ ಟ್ಯಾಕಲ್. 2023ರ ಡಿಸೆಂಬರ್ 31ರಂದು ಮಂಡಿಯ ಲಿಗಮೆಂಟ್ ಹರಿಯಿತು. ಮಾರ್ಚ್‌ನಲ್ಲಿ ತಂಡ ಕೈಬಿಟ್ಟಿತು. ಚೀಫ್ಸ್ ಅವರನ್ನು ಕರೆದದ್ದು ನವೆಂಬರ್ ಕೊನೆಗೆ. ಆ ಹೊತ್ತಿಗೆ ಎಡಗಡೆಯಲ್ಲಿ ಹೊಸ ಹುಡುಗ ಕಿಂಗ್ಸ್‌ಲಿ ಸುವಮಟಾಯಾ ಅವರನ್ನು ನಿಲ್ಲಿಸಿ ನೋಡಿಯಾಗಿತ್ತು. ಆಮೇಲೆ ವಾನ್ಯಾ ಮಾರಿಸ್ ಅವರನ್ನೂ ನೋಡಿಯಾಗಿತ್ತು. ನಿಮ್ಮ ಹೋಲಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಹಂಫ್ರೀಸ್ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಅಲ್ಲ. ಸ್ಟೆಪ್ನಿ ಆಗಲೇ ಚಕ್ರಕ್ಕೆ ಹಾಕಿ, ಅದೂ ಕೈಕೊಟ್ಟು, ಹೈವೇ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ ಹಳೇ ಟೈರು ಅವರು.

ಡಿಸೆಂಬರ್ 8, ಚಾರ್ಜರ್ಸ್ ವಿರುದ್ಧದ ಪಂದ್ಯ. ಹನ್ನೊಂದು ತಿಂಗಳು ಪಂದ್ಯವನ್ನೇ ಆಡದ ಮನುಷ್ಯನನ್ನು ನೇರವಾಗಿ ಎಡತುದಿಗೆ ನಿಲ್ಲಿಸಿದರು. ಪಂದ್ಯವನ್ನೇನೋ 19-17ರಲ್ಲಿ ಗೆದ್ದರು, ಚೆಂಡು ಗೋಲಿನ ಕಂಬಕ್ಕೆ ಬಡಿದು ಒಳಗೆ ಬಿದ್ದ ಆ ಗೆಲುವು ನಿಮಗೆ ಮರೆತಿರುವುದಿಲ್ಲ. ಆದರೆ ಹಂಫ್ರೀಸ್ ಅವರ ತೊಡೆಯ ಸ್ನಾಯು ಹಿಡಿದುಕೊಂಡಿತು. ಆಮೇಲೆ, ಪ್ಲೇಆಫ್‌ನಲ್ಲೂ, ಎಡತುದಿ ಕಾಯ್ದವರು ಜೋ ಥೂನಿ. ಲೀಗ್‌ನಲ್ಲೇ ಅತ್ಯುತ್ತಮ ಲೆಫ್ಟ್ ಗಾರ್ಡ್ ಅವರು. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ತೂತು ಮಾಡಿದಂತಾಯಿತು. ಅವರು ಬಿಟ್ಟ ಗಾರ್ಡ್ ಜಾಗಕ್ಕೆ ಮೈಕ್ ಕಾಲಿಯೆಂಡೋ ಬಂದರು.

2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್, ಸೂಪರ್ ಬೌಲ್. ನಮ್ಮಲ್ಲಿ ಸೋಮವಾರ ಬೆಳಗ್ಗೆ 5 ಗಂಟೆ, ಹಾಲಿನ ಪ್ಯಾಕೆಟ್ ಬರುವ ಹೊತ್ತು. ಎದುರಾಳಿ ಈಗಲ್ಸ್ ತಂಡದವರು ಹೆಚ್ಚುವರಿಯಾಗಿ ಒಬ್ಬರನ್ನೂ ನುಗ್ಗಿಸಲಿಲ್ಲ. ಮುಂದಿನ ಸಾಲಿನ ನಾಲ್ವರೇ ಸಾಕಾದರು. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಸಲ ಕೆಡವಿದರು. ಅರ್ಧ ಆಟಕ್ಕೆ 24-0, ಕೊನೆಗೆ 40-22. ಎರಡನೇ ಲೋಟ ಕಾಫಿ ಮುಗಿಯುವ ಮುಂಚೆ ನಾನು ಟಿವಿ ಆರಿಸಿ ಸ್ನಾನಕ್ಕೆ ಹೋದೆ. ನೀವು ಕೊನೆಯವರೆಗೂ ನೋಡಿರಬೇಕು, ಪಾಪ.

ಇಷ್ಟಾದರೂ ಹಂಫ್ರೀಸ್ ಅವರನ್ನು ಕರೆದದ್ದು ತಪ್ಪು ಎಂದು ನಾನು ಒಪ್ಪುವುದಿಲ್ಲ. ಕರೆದ ಹೊತ್ತು ತಪ್ಪು. ಅದೇ ತಂಡದ ಹಳೇ ಕಥೆಯನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

2020ರಲ್ಲಿ ಚೀಫ್ಸ್ ಇಬ್ಬರು ಹಳಬರನ್ನು ಇದೇ ‘ಕಡಿಮೆ ಅಪಾಯ’ದ ಲೆಕ್ಕದಲ್ಲಿ ತಂದಿದ್ದರು. ಗಾರ್ಡ್ ಕೆಲೆಚಿ ಒಸೆಮೆಲೆ ಮತ್ತು ಟ್ಯಾಕಲ್ ಮೈಕ್ ರೆಮ್ಮರ್ಸ್. ಆ ವರ್ಷ ಕೋವಿಡ್. ಅವರ ರೈಟ್ ಗಾರ್ಡ್ ಲಾರೆಂಟ್ ಡುವೆರ್ನೆ-ಟಾರ್ಡಿಫ್ ವೈದ್ಯಕೀಯ ಓದಿದವರು. ಆ ಸೀಸನ್ ಬಿಟ್ಟು ಕೆನಡಾದ ಮಾಂಟ್ರಿಯಲ್ ಹತ್ತಿರ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡಿದರು. (ಈ ಕಥೆ ಹೇಳಿದಾಗಲೆಲ್ಲ ಅವರ ಬಗ್ಗೆಯೇ ಒಂದು ಲೇಖನ ಬರೆಯಬೇಕು ಅನಿಸುತ್ತದೆ.) ಅಕ್ಟೋಬರ್‌ನಲ್ಲಿ ಒಸೆಮೆಲೆ ಅವರ ಎರಡೂ ಮಂಡಿಗಳ ಸ್ನಾಯುರಜ್ಜು ಹರಿಯಿತು. ಅದೇ ತಿಂಗಳು ರೈಟ್ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್ ಬೆನ್ನು ನೋವಿನಿಂದ ಹೊರಗೆ ಕೂತರು. ಆ ಜಾಗಕ್ಕೆ ರೆಮ್ಮರ್ಸ್ ಬಂದು ಪರವಾಗಿಲ್ಲ ಎನ್ನುವಂತೆ ಆಡಿದರು. ಸ್ಟೆಪ್ನಿ ಮಾಡಬೇಕಾದ್ದೇ ಅದು. ತಂಡ 14 ಗೆದ್ದು 2 ಮಾತ್ರ ಸೋತಿತು. ಎಲ್ಲರೂ ಭೇಷ್ ಅಂದರು.

ಸೂಪರ್ ಬೌಲ್‌ಗೆ ಎರಡು ವಾರ ಇದ್ದಾಗ ಲೆಫ್ಟ್ ಟ್ಯಾಕಲ್ ಎರಿಕ್ ಫಿಶರ್ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಈಗ ಬಲಗಡೆಯಿದ್ದ ರೆಮ್ಮರ್ಸ್ ಅವರನ್ನು ಎಡಗಡೆಗೆ ಕಳಿಸಿದರು. ಗಾರ್ಡ್ ಆಡುತ್ತಿದ್ದ ಆಂಡ್ರೂ ವೈಲೀ ಬಲತುದಿಗೆ. ಟ್ಯಾಂಪಾದಲ್ಲಿ ನಡೆದ ಆ ಸೂಪರ್ ಬೌಲ್‌ನಲ್ಲಿ ಮಹೋಮ್ಸ್ ಮೇಲೆ 29 ಸಲ ಎದುರಾಳಿಗಳು ಮುಗಿಬಿದ್ದರು. ಮೈದಾನದ ತುಂಬ ಓಡಿಸಿದರು. 31-9ರಲ್ಲಿ ಸೋಲು.

ರೆಮ್ಮರ್ಸ್ ವಿಷಯದಲ್ಲಿ ಒಂದು ಕಾಕತಾಳೀಯ ಹೇಳದೆ ಇರಲಾರೆ. ಆ ಪಂದ್ಯ ನಡೆದದ್ದು 2021ರ ಫೆಬ್ರವರಿ 7ರಂದು. ಸರಿಯಾಗಿ ಐದು ವರ್ಷದ ಹಿಂದೆ, 2016ರ ಫೆಬ್ರವರಿ 7ರಂದು, ಇನ್ನೊಂದು ಸೂಪರ್ ಬೌಲ್‌ನಲ್ಲಿ ಕ್ಯಾರೊಲಿನಾ ತಂಡದ ಬಲತುದಿಯಲ್ಲಿ ನಿಂತಿದ್ದವರೂ ಇದೇ ರೆಮ್ಮರ್ಸ್. ಅಂದು ಡೆನ್ವರ್‌ನ ವಾನ್ ಮಿಲ್ಲರ್, ರೆಮ್ಮರ್ಸ್ ನಿಂತ ಕಡೆಯಿಂದ ನುಗ್ಗಿ ಬಂದು, ಕ್ವಾರ್ಟರ್‌ಬ್ಯಾಕ್ ಕೈಯಿಂದ ಎರಡು ಸಲ ಚೆಂಡು ಬೀಳಿಸಿ, ಪಂದ್ಯಶ್ರೇಷ್ಠರಾದರು. ಒಬ್ಬ ಮನುಷ್ಯನಿಗೆ ಒಂದೇ ತಾರೀಖು ಎರಡು ಸಲ! ಆದರೂ ರೆಮ್ಮರ್ಸ್ ಅವರನ್ನು ಬೈಯುವವರ ಜೊತೆ ನಾನಿಲ್ಲ. ಬಲಗಡೆಗೆ ಸ್ಟೆಪ್ನಿಯಾಗಿ ಬಂದವರನ್ನು ಎಡಗಡೆಯ ಒಡೆಯನನ್ನಾಗಿ ಮಾಡಿದವರು ಯಾರು?

ಇದಾದ ಮೇಲೆ ಬಂದದ್ದು ನನಗೆ ಇಷ್ಟವಾದ ಭಾಗ. 2021ರ ವಸಂತದಲ್ಲಿ ಚೀಫ್ಸ್ ಇಡೀ ಗೋಡೆಯನ್ನೇ ಕೆಡವಿ ಹೊಸದಾಗಿ ಕಟ್ಟಿದರು. ಥೂನಿ ಅವರಿಗೆ ಐದು ವರ್ಷಕ್ಕೆ 8 ಕೋಟಿ ಡಾಲರ್. ಜೊತೆಗೆ ಮತ್ತೆ ಒಬ್ಬ ಹಳಬ: ಆಟ ನಿಲ್ಲಿಸಿ ಮನೆಯಲ್ಲಿದ್ದ ಕೈಲ್ ಲಾಂಗ್. ಒಂದು ವರ್ಷದ ಒಪ್ಪಂದ. ಜೂನ್‌ನಲ್ಲೇ, ಬರೀ ಅಭ್ಯಾಸದಲ್ಲಿ, ಅವರ ಕಾಲಿಗೆ ಪೆಟ್ಟಾಯಿತು. ಚೀಫ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಕಾಗದದ ಮೇಲೆ ನೋಡಿದರೆ ಹಂಫ್ರೀಸ್ ಅವರಿಗಿಂತ ದೊಡ್ಡ ನಷ್ಟ, ಅಲ್ವಾ? ಆದರೆ ಜೂನ್ ಆಗಿತ್ತು. ಆಗ ತಾನೇ ಆರನೇ ಸುತ್ತಿನಲ್ಲಿ, 226ನೆಯವರಾಗಿ ಆಯ್ಕೆಯಾಗಿದ್ದ ಹುಡುಗ ಟ್ರೇ ಸ್ಮಿತ್ ಆ ಜಾಗಕ್ಕೆ ನಿಂತರು. ಬೇಸಿಗೆ ಪೂರ್ತಿ ಕಲಿತರು. ಮತ್ತೆ ಜಾಗ ಬಿಡಲಿಲ್ಲ. 2025ರಲ್ಲಿ ಅದೇ ಹುಡುಗನಿಗೆ ನಾಲ್ಕು ವರ್ಷಕ್ಕೆ 9.4 ಕೋಟಿ ಡಾಲರ್ ಕೊಟ್ಟರು. ಆ ಹೊಸ ಗೋಡೆ 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಸೀಸನ್‌ನಲ್ಲಿ 70 ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದ ಈಗಲ್ಸ್ ಎದುರು, ಮಹೋಮ್ಸ್ ಅವರನ್ನು ಒಂದು ಸಲವೂ ಸ್ಯಾಕ್ ಆಗಲು ಬಿಡಲಿಲ್ಲ. ಆ ಐವರಲ್ಲಿ ಒಬ್ಬರು ವೈಲೀ. ಟ್ಯಾಂಪಾದಲ್ಲಿ ಬಲತುದಿಯಲ್ಲಿ ಒದ್ದಾಡಿದವರೇ, ಈ ಸಲವೂ ಬಲತುದಿಯಲ್ಲೇ.

ಜೂನ್‌ನಲ್ಲಿ ಸ್ಟೆಪ್ನಿ ಒಡೆದರೆ ಇನ್ನೊಂದು ಹುಡುಕಲು ಮೂರು ತಿಂಗಳಿರುತ್ತದೆ. ಡಿಸೆಂಬರ್‌ನಲ್ಲಿ ಒಡೆದರೆ ಪಕ್ಕದ ಚಕ್ರ ಬಿಚ್ಚಬೇಕು. ಇಬ್ಬರು ಹಳಬರ ಬೆಲೆ ಹೆಚ್ಚುಕಡಿಮೆ ಒಂದೇ. ಅಪಾಯ ಎಷ್ಟು ಬೇರೆ ನೋಡಿ.

2023ರಲ್ಲಿ ಡೊನೊವನ್ ಸ್ಮಿತ್ ಅವರನ್ನು ಮೇ ತಿಂಗಳಲ್ಲೇ ತಂದಿದ್ದರು. ಒಂದು ವರ್ಷ, ಹೆಚ್ಚೆಂದರೆ 90 ಲಕ್ಷ ಡಾಲರ್. ಟ್ಯಾಂಪಾದಲ್ಲಿ ಚೀಫ್ಸ್ ಸೋತ ದಿನ ಎದುರು ತಂಡದ ಲೆಫ್ಟ್ ಟ್ಯಾಕಲ್ ಆಗಿದ್ದವರು ಇವರೇ. 12 ಪಂದ್ಯ ಆಡಿದರು, ಕುತ್ತಿಗೆ ನೋವಿಗೆ ಸ್ವಲ್ಪ ದಿನ ಕೂತರು, ಪ್ಲೇಆಫ್‌ಗೆ ಮರಳಿದರು, ಸೂಪರ್ ಬೌಲ್ ಗೆದ್ದವರ ಉಂಗುರ ತೊಟ್ಟು ಹೋದರು. ಇದು ಸರಿಯಾದ ವ್ಯಾಪಾರ. ಹೋದ ಸಂಚಿಕೆ ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದೂ ಇಂಥವರೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಸೀಸನ್ ಶುರುವಾದ ಮೇಲೇ ಯಾಕೆ ಕರೆಯುತ್ತಾರೆ? ದುಡ್ಡೇ ಕಾರಣ. ನಾಲ್ಕು ಅಥವಾ ಜಾಸ್ತಿ ವರ್ಷ ಆಡಿದವರು ಮೊದಲ ವಾರದ 53 ಜನರ ಪಟ್ಟಿಯಲ್ಲಿದ್ದರೆ, ಆಮೇಲೆ ತೆಗೆದುಹಾಕಿದರೂ ಆ ವರ್ಷದ ಉಳಿದ ಸಂಬಳ ಕೇಳುವ ಹಕ್ಕು ಅವರಿಗಿರುತ್ತದೆ. ಅದಕ್ಕೆ ತಂಡಗಳು ಮೊದಲ ಪಂದ್ಯ ಮುಗಿಯಲಿ ಎಂದು ಕಾಯುತ್ತವೆ. ಹಳಬರಿಗೂ ಜುಲೈ-ಆಗಸ್ಟ್ ಬಿಸಿಲಿನ ಕ್ಯಾಂಪ್ ಬೇಕಿರುವುದಿಲ್ಲ ಅನ್ನಿ. ತಡವಾಗಿ ಬಂದು ಸೇರುವುದರಲ್ಲಿ ಟ್ಯಾಕಲ್ ಜೇಸನ್ ಪೀಟರ್ಸ್ ಪಳಗಿದ ಕೈ. 2021ರ ಆಗಸ್ಟ್‌ನಲ್ಲಿ ಶಿಕಾಗೋ, 2022ರ ಸೆಪ್ಟೆಂಬರ್‌ನಲ್ಲಿ ಡಲ್ಲಾಸ್, 2023ರ ಅಕ್ಟೋಬರ್‌ನಲ್ಲಿ ಸಿಯಾಟಲ್, ಆಗ ವಯಸ್ಸು 41. ಎಲ್ಲ ಕಡೆಯೂ ಯಾರಿಗೋ ಪೆಟ್ಟಾದ ಮೇಲೆ ಬಂದ ಕರೆ. ಶಿಕಾಗೋದಲ್ಲಿ, 39ರ ವಯಸ್ಸಿನಲ್ಲಿ, 15 ಪಂದ್ಯ ಶುರುವಿನಿಂದ ಆಡಿದರು. ತಂಡಕ್ಕೆ ಬಂದದ್ದು ಕೂಡ ಆ ಸಲವೇ ಎಲ್ಲಕ್ಕಿಂತ ಬೇಗ. ನನ್ನ ವಾದಕ್ಕೆ ಅನುಕೂಲವಾಗಿದೆ ಅಂತ ಹೇಳುತ್ತಿದ್ದೇನೆ, ಒಪ್ಪುತ್ತೇನೆ. ಪೀಟರ್ಸ್ ಅಂಥವರು ತಲೆಮಾರಿಗೆ ಒಬ್ಬರು.

ಹಾಗಾದರೆ ನಾನು ತಂಡ ನಡೆಸುವವನಾಗಿದ್ದರೆ? ಮೇ ತಿಂಗಳಲ್ಲೇ ಒಬ್ಬ ಹಳಬನನ್ನು ತರುತ್ತಿದ್ದೆ. ಸಂಬಳದ ಹಕ್ಕು ಬಂದರೆ ಬರಲಿ, ಆ ದುಡ್ಡು ಬೇಸಿಗೆಯ ಅಭ್ಯಾಸದ ಫೀಸು ಅಂದುಕೊಳ್ಳುತ್ತಿದ್ದೆ. ಲೀಗ್ ಕೂಡ ಇದಕ್ಕೆ ಜಾಗ ಮಾಡಿಕೊಟ್ಟಿದೆ. 2020ರಿಂದ, ಪಂದ್ಯದ ದಿನ ಎಂಟು ಲೈನ್‌ಮನ್‌ಗಳನ್ನು ಸಿದ್ಧ ಇಟ್ಟುಕೊಂಡ ತಂಡಕ್ಕೆ 47ರ ಬದಲು 48 ಜನರನ್ನು ಇಳಿಸಲು ಅವಕಾಶವಿದೆ. ಎಡಕ್ಕೆ ಬಂದವನನ್ನು ಎಡಕ್ಕೇ ಇಡುತ್ತಿದ್ದೆ. ಅವನಿದ್ದಾನಲ್ಲ ಅಂತ ಹೊಸ ಹುಡುಗನನ್ನು ಹುಡುಕುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ನಿಮ್ಮ ತಂಡದವರಿಗೂ ಇದು ಹೊಳೆದಿದೆ ಅನಿಸುತ್ತದೆ. 2025ರಲ್ಲಿ ಮಾರ್ಚ್‌ನಲ್ಲೇ ಜೇಲನ್ ಮೂರ್, ಏಪ್ರಿಲ್‌ನಲ್ಲಿ ಮೊದಲ ಸುತ್ತಿನ ಜಾಶ್ ಸಿಮನ್ಸ್. ಇಬ್ಬರೂ ಟ್ಯಾಕಲ್‌ಗಳೇ.

ಇನ್ನು ‘ಆಳ’. ಬಾವಿ ತೋಡುವ ಉದ್ದೇಶ ನಮಗಿರಲಿಲ್ಲ. ನಮಗೆ ಬೇಕಾಗಿದ್ದದ್ದು ಹೊತ್ತಿಗೆ ಸರಿಯಾಗಿ ಗದ್ದೆಗೆ ಬಂದು ನಿಲ್ಲುವ ಒಂದು ಆಳು. ಹೋದ ಸಂಚಿಕೆ ಇನ್ನೂ ರದ್ದಿಗೆ ಹೋಗಿಲ್ಲದಿದ್ದರೆ, ಒಂದು ಪೆನ್ನು ತೆಗೆದು ಆ ‘ಳ’ಕ್ಕೆ ಒಂದು ಕೊಂಬು ಎಳೆದುಬಿಡಲು ನಿಮ್ಮ ಮನೆಯವರಿಗೆ ಹೇಳಿ.

— ಸಂಪಾದಕ