ಅಟ್ಟದ ಇಲಿಯೂ ಕಾನಿನ ಇಲಿಯೂ

ಪತ್ರ: ಹೋದ ಸಂಚಿಕೆಯಲ್ಲಿ ಕಾಡಿಲಿಗಳ ವಂಶವಾಹಿ, ಅವು ಎಲ್ಲೆಲ್ಲಿ ಹರಡಿವೆ ಅಂತ ನಾಲ್ಕು ಪುಟ ಹಾಕಿದ್ದೀರಿ. ಇಲಿ ಅಂದರೆ ಇಲಿ. ನಮ್ಮ ಅಟ್ಟದಲ್ಲಿ ಬೇಕಾದಷ್ಟಿವೆ, ಬಂದು ಎಣಿಸಿಕೊಂಡು ಹೋಗಿ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ನಾವು ಕಂಗಾಲಾಗಿರುವಾಗ ಈ ಇಲಿಪುರಾಣ ಯಾರಿಗೆ ಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಸಂಕಟ ಗೊತ್ತಿದೆ. ಎಲೆಚುಕ್ಕೆ ರೋಗಕ್ಕೆ ಪತ್ರಿಕೆಯಲ್ಲಿ ಜಾಗ ಸಿಗಲೇಬೇಕು. ಅಟ್ಟದ ಇಲಿ ನಿಮ್ಮ ಭತ್ತದ ಚೀಲ ಕಡಿದು ಹಾಳು ಮಾಡುವುದೂ ನಿಜ. ಆದರೆ ‘ಇಲಿ ಅಂದರೆ ಇಲಿ’ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವರು ನೀವು. ಬೆಂಗಳೂರಿನಲ್ಲಿ ಕೂತವರು ಈ ಮಾತು ಹೇಳಿದ್ದರೆ ಸುಮ್ಮನಿರುತ್ತಿದ್ದೆ.

ನಿಮ್ಮ ಅಟ್ಟದಿಂದಲೇ ಶುರು ಮಾಡೋಣ. ಅಲ್ಲಿ ಓಡಾಡುವ ಕಪ್ಪಿಲಿಯ ಬಳಗ ಇವತ್ತು ಜಗತ್ತಿನ ಬಂದರುಗಳಲ್ಲೆಲ್ಲ ಇದೆ. ಅದರ ಮೂಲ ನಮ್ಮ ಪರ್ಯಾಯ ದ್ವೀಪ ಅಂತ ಡಿಎನ್‌ಎ ನೋಡಿದವರು ಹೇಳುತ್ತಾರೆ. ಇಲ್ಲಿಂದ ಹಡಗು ಹತ್ತಿ ಹೋದ ಇಲಿ ಅದು. ನಮ್ಮ ಕಡೆಯ ಕಪ್ಪಿಲಿಗೆ 38 ಕ್ರೋಮೋಸೋಮು. ಪೂರ್ವ ಏಷ್ಯಾದ ಕಡೆ ಸಿಗುವ, ನೋಡಲು ಥೇಟ್ ಹೀಗೇ ಇರುವ ಇಲಿಗೆ 42. ಶ್ರೀಲಂಕಾದ್ದಕ್ಕೆ 40. ಕಣ್ಣಿಗೆ ಒಂದೇ ಥರ ಕಂಡರೂ ಒಳಗಿನ ಲೆಕ್ಕವೇ ಬೇರೆ.

ಈಗ ಅಟ್ಟ ಬಿಟ್ಟು ಕಾನಿಗೆ ಬನ್ನಿ. ಸಹ್ಯಾದ್ರಿಯ ಕಾಡಿನಲ್ಲಿ ಮರ ಹತ್ತುವ, ಹೊಟ್ಟೆ ಬೆಳ್ಳಗಿರುವ ಒಂದು ಇಲಿ ಇದೆ. ಇದೂ ಮನೆ ಇಲಿಯದೇ ಒಂದು ಬಗೆ ಅಂತ ಬಹಳ ಕಾಲ ಪಟ್ಟಿಯಲ್ಲಿ ಸೇರಿಸಿಟ್ಟಿದ್ದರು. 2011ರಲ್ಲಿ ತಲೆಬುರುಡೆ, ಕ್ರೋಮೋಸೋಮು, ಡಿಎನ್‌ಎ ಮೂರನ್ನೂ ಹೋಲಿಸಿ ನೋಡಿದಾಗ ಇದು ಬೇರೆಯದೇ ಪ್ರಭೇದ ಅಂತ ಖಾತ್ರಿಯಾಯಿತು. ರಾಟಸ್ ಸತಾರೆ ಅಂತ ಅದರ ಹೆಸರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮನೆ ಇಲಿಯನ್ನು ಎಲ್ಲಿಗೆ ಒಯ್ದರೂ ಬದುಕುತ್ತದೆ, ಇದಕ್ಕೆ ಕಾಡೇ ಬೇಕು. ಎರಡನ್ನೂ ಒಂದೇ ಹೆಸರಲ್ಲಿ ಲೆಕ್ಕ ಹಾಕಿದರೆ ಈ ಕಾಡಿಲಿ ಪೂರ್ತಿ ಹೋದರೂ ನಮಗೆ ಗೊತ್ತೇ ಆಗುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಹತ್ತಿರದ್ದು ಮುಳ್ಳಿಲಿ. 1859ರಲ್ಲಿ ಎಡ್ವರ್ಡ್ ಬ್ಲಿತ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಕೇರಳದಲ್ಲಿ ಇದಕ್ಕೆ ಮೆಣಸಿನ ಇಲಿ ಅನ್ನುತ್ತಾರೆ, ಕಾಳುಮೆಣಸು ತಿನ್ನುತ್ತದೆ ಅಂತ. ಹೆಂಡದ ಮಡಕೆಗೂ ಬಾಯಿ ಹಾಕುತ್ತದೆ ಅನ್ನುವ ದೂರು ಹಳೆಯದು. ಇರುವುದು ಗೇಣುದ್ದ. ಬೆನ್ನಿನ ಮೇಲೆ ಚಪ್ಪಟೆ ಮುಳ್ಳುಗೂದಲು. ಬಾಲ ಬುಡದಲ್ಲಿ ಬೋಳು, ತುದಿಯಲ್ಲಿ ಬಿಳಿ ಕುಚ್ಚು. ರಾತ್ರಿಯೆಲ್ಲ ಮರದ ಮೇಲೇ ಸಂಚಾರ, ಹಗಲು ಪೊಟರೆಯಲ್ಲಿ ನಿದ್ದೆ. ಇದರ ಹತ್ತಿರದ ಸಂಬಂಧಿಗಳು ಎಲ್ಲಿವೆ ಗೊತ್ತೇ? ದಕ್ಷಿಣ ಚೀನಾ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿ. ಅವುಗಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಾವಲಿಗಳ ಹಾಗೆ ಕಿವಿಗೆ ಕೇಳದ ಸದ್ದು ಹೊರಡಿಸಿ ದಾರಿ ಹುಡುಕುತ್ತವೆ. ಇಲಿ ಹೆಗ್ಗಣಗಳ ದೊಡ್ಡ ವಂಶ ಕವಲೊಡೆಯುವ ಮೊದಲೇ ಈ ಕುಟುಂಬ ಬೇರೆಯಾಯಿತು ಅಂತ ಡಿಎನ್‌ಎ ಹೇಳುತ್ತದೆ. ಆ ಹಳೇ ಕುಟುಂಬದ ಒಂದು ಕೊಂಡಿ ಪಶ್ಚಿಮ ಘಟ್ಟದ ಪೊಟರೆಯಲ್ಲಿ ಮಲಗಿದೆ, ನಡುವೆ ಸಾವಿರಾರು ಮೈಲಿ ಖಾಲಿ. ಇದಕ್ಕಿಂತ ಒಳ್ಳೆಯ ಪುರಾಣ ಬೇಕೆ?

ಇಂಥ ಒಂದು ಇಲಿಯನ್ನು ನಾನು ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನೋಡಿದ್ದೆ. ಗಾಜಿನ ಬಾಟಲಿ, ಅರ್ಧ ಆರಿದ ಫಾರ್ಮಲಿನ್. ಬಾಲದ ಕುಚ್ಚು ಇನ್ನೂ ಇತ್ತು. ಚೀಟಿಯ ಮೇಲೆ ‘ಇಲಿ’ ಅಂತ ಒಂದೇ ಮಾತು. ಯಾವ ಊರು, ಯಾವ ಕಾನು, ಯಾವ ಇಸವಿ, ಯಾವ ಮರ, ಒಂದೂ ಇಲ್ಲ. ವಿಚಾರಿಸಿದೆ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಸಿಕ್ಕ ಜಾಗ ಗೊತ್ತಿಲ್ಲದ ಮೇಲೆ ಹರಡುವಿಕೆಯ ನಕ್ಷೆಯಲ್ಲಿ ಅದನ್ನು ಎಲ್ಲಿ ಗುರುತು ಹಾಕುವುದು? ಶತಮಾನದ ಹಿಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸರ್ವೆಯವರು ಕೊಡಗು, ಕೆನರಾ ಅಂತ ತಿರುಗಿ ಸಣ್ಣ ಸಣ್ಣ ಇಲಿಗೂ ಊರು, ದಿನಾಂಕ, ಅಳತೆ ಬರೆದಿಟ್ಟರು. ಆ ಚರ್ಮಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿವೆ. ನಮ್ಮ ಕಾಡಿನ ಇಲಿಯ ವಿಳಾಸಕ್ಕೆ ನಾವು ಲಂಡನ್ನಿಗೆ ಬರೆಯಬೇಕು. ಇದು ನನಗೆ ಬಹಳ ನೋವಿನ ವಿಷಯ.

ಎಲ್ಲೆಲ್ಲಿದೆ ಅನ್ನುವುದಕ್ಕೆ ಯಾಕಿಷ್ಟು ಒತ್ತು ಅಂತ ಕೇಳಬಹುದು. ಆನೆ ರಸ್ತೆ ದಾಟುತ್ತದೆ, ಹುಲಿ ಹೊಳೆ ಈಜುತ್ತದೆ. ಮರದಿಂದ ಇಳಿಯದ ಮುಳ್ಳಿಲಿಗೆ ಕೊಂಬೆಗೆ ಕೊಂಬೆ ತಾಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ಹಿನ್ನೀರಿನಲ್ಲಿ ಗುಡ್ಡದ ತಲೆಗಳು ನಡುಗಡ್ಡೆಗಳಾದವು. ಸೊರಬ, ಸಾಗರದ ಕಾನುಗಳ ಸುತ್ತ ಅಕೇಶಿಯಾ, ನೀಲಗಿರಿ ನೆಟ್ಟೆವು. ರಸ್ತೆ ಅಗಲ ಮಾಡಿ ಮೇಲಿನ ಹಸಿರು ಚಪ್ಪರ ಕತ್ತರಿಸಿದೆವು. ಒಂದು ಕಾನಿನೊಳಗೆ ಸಿಕ್ಕಿಕೊಂಡ ಸಣ್ಣ ಪ್ರಾಣಿ ತಲೆಮಾರುಗಟ್ಟಲೆ ತನ್ನ ಬಳಗದೊಳಗೇ ಕೂಡಿ ಮರಿ ಹಾಕುತ್ತದೆ. ಹೊಸ ರಕ್ತ ಬರುವುದಿಲ್ಲ. ವಂಶವಾಹಿಯ ವೈವಿಧ್ಯ ಕರಗುತ್ತಾ ಹೋಗುತ್ತದೆ. ಆಮೇಲೆ ಒಂದು ರೋಗವೋ ಬರವೋ ಬಂದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಹಸಿರಾಗೇ ಕಾಣುತ್ತಿರುತ್ತದೆ.

ರೋಗದ ಮಾತು ಬಂತು, ಹೇಳಿಬಿಡುತ್ತೇನೆ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ಮಂಗ ಸತ್ತರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಆ ವೈರಸ್ ಹೊರುವ ಉಣ್ಣಿಯ ಮರಿಗಳು ರಕ್ತ ಹೀರಿ ಬೆಳೆಯುವುದು ಕಾಡಿಲಿ, ಅಳಿಲು, ಮೂಗಿಲಿಗಳಂಥ ಸಣ್ಣ ಪ್ರಾಣಿಗಳ ಮೈಮೇಲೂ ಹೌದು. ಕಾಡಿಲಿಗಳಲ್ಲೇ ವೈರಸ್ ಸಿಕ್ಕಿದ್ದೂ ಇದೆ. ಯಾವ ಕಾನಿನಲ್ಲಿ ಯಾವ ಇಲಿ ಎಷ್ಟಿದೆ ಅನ್ನುವುದು ಹಾಗಾಗಿ ದರಗು (ಒಣಗಿದ ಎಲೆ) ಗುಡಿಸಿ ತರಲು ಕಾಡಿಗೆ ಹೋಗುವ ನಿಮ್ಮ ಮನೆಯವರ ಜೀವದ ಪ್ರಶ್ನೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಯಿಂದ ಜನ ಸತ್ತದ್ದು ಮರೆತಿಲ್ಲ ಅಲ್ವಾ?

ಹಾಗಿದ್ದೂ ನಾವು ಎಣಿಸುವುದು ಹುಲಿ, ಆನೆ. ಅವಕ್ಕೆ ಕ್ಯಾಮೆರಾ, ಗಣತಿ, ಪೋಸ್ಟರು. ಸಸ್ತನಿ ಪ್ರಭೇದಗಳಲ್ಲಿ ನೂರಕ್ಕೆ ನಲವತ್ತು ದಂಶಕಗಳೇ, ಅಂದರೆ ಇಲಿ, ಅಳಿಲುಗಳಂಥ ಕಡಿಯುವ ಹಲ್ಲಿನ ಪ್ರಾಣಿಗಳೇ. ಅವುಗಳ ಪಾಲಿಗೆ ಬಂದದ್ದು ಬರೀ ಬೈಗುಳ. 1972ರ ವನ್ಯಜೀವಿ ಕಾಯ್ದೆ ಕಾಗೆ, ಹಣ್ಣು ಬಾವಲಿಗಳ ಜೊತೆ ಇಲಿಗಳನ್ನೂ ‘ಪೀಡಕ’ ಅಂತ ಪಟ್ಟಿ ಮಾಡಿತು. ಅಟ್ಟದ್ದು ಯಾವುದು, ಕಾನಿನದು ಯಾವುದು ಅಂತ ಕೇಳಲಿಲ್ಲ. ಆ ಪಟ್ಟಿ ಹೋಗಲು 2022ರ ತಿದ್ದುಪಡಿ ಬರಬೇಕಾಯಿತು. ಇವತ್ತಿಗೂ ನಮ್ಮ ಮಕ್ಕಳ ಪಠ್ಯದಲ್ಲಿ ಆಫ್ರಿಕಾದ ಜಿರಾಫೆ ಇದೆ, ಮನೆ ಹಿಂದಿನ ಬೆಟ್ಟದ ಕೆಂದಳಿಲಿನ ಬಗ್ಗೆ ಎರಡು ಸಾಲು ಹುಡುಕಿದರೂ ಕಷ್ಟ. ಪ್ರಾಣಿಶಾಸ್ತ್ರ ಓದಿದ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇಲ್ಲ! ಅವರ ಕೈಗೆ ಒಂದು ಟಾರ್ಚು, ಒಂದು ಡೈರಿ ಕೊಟ್ಟು ಕಾನಿಗೆ ಕಳಿಸುವವರಿಲ್ಲ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಮೆಣಸಿನ ಕೊಯ್ಲಿಗೆ ಏಣಿ ಇಡುವಾಗ ಪೊಟರೆಗಳ ಕಡೆ ಕಣ್ಣಿಡಲು ಆಳುಗಳಿಗೆ ಹೇಳಿ. ಬಾಲದ ತುದಿಯಲ್ಲಿ ಬಿಳಿ ಕುಚ್ಚಿರುವ ಇಲಿ ಕಂಡರೆ ಹೊಡೆಯುವುದು ಬೇಡ, ಕೈಯಲ್ಲಿ ಮುಟ್ಟುವುದೂ ಬೇಡ. ದೂರದಿಂದ ಫೋಟೋ ತೆಗೆದು, ಜಾಗ, ತಾರೀಖು, ಮರದ ಹೆಸರು ಬರೆದು ನಮಗೆ ಕಳಿಸಿ. ಎಲೆಚುಕ್ಕೆ ರೋಗದ ಲೇಖನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಕಾಡಿಲಿಗಳ ಎರಡನೇ ಕಂತೂ ಅದರಲ್ಲೇ ಇರುತ್ತದೆ.