ಪರಿಚಯ ಕಡತ ಬೇರೆ, ಬಿಡುಗಡೆ ಟಿಪ್ಪಣಿ ಬೇರೆ

ಪ್ರಶ್ನೆ: ಬದಿಯಡ್ಕ, ಕುಂಬಳೆ ಸುತ್ತಲಿನ ವಾಚನಾಲಯಗಳಿಗಾಗಿ, ಪುಸ್ತಕಗಳ ಪಟ್ಟಿಯನ್ನೂ ಎರವಲು ಲೆಕ್ಕವನ್ನೂ ಕನ್ನಡ ಮತ್ತು ಮಲಯಾಳಗಳಲ್ಲಿ ಇಡುವ ಮುಕ್ತ ತಂತ್ರಾಂಶವೊಂದನ್ನು ನಾವು ಕೆಲವು ಗೆಳೆಯರು ಸಿದ್ಧಪಡಿಸಿದ್ದೇವೆ. ಪರಿಚಯ, ಇನ್‌ಸ್ಟಾಲ್ ಮಾಡುವ ಕ್ರಮ, ಹಿಂದಿನ ಆವೃತ್ತಿಗಳ ಬದಲಾವಣೆ, ಲೈಸೆನ್ಸ್ ಎಲ್ಲವೂ ತಂತ್ರಾಂಶದ ಜೊತೆಗೆ ಕೊಡುವ ಪರಿಚಯ ಕಡತವಾದ ರೀಡ್‌ಮಿ ಒಂದರಲ್ಲೇ ಸೇರಿಕೊಂಡಿವೆ. ಹೊಸಬರು ಅದನ್ನು ಓದುವುದಿಲ್ಲ; ಹಳಬರು ಹೊಸ ಆವೃತ್ತಿ ಹಾಕಿಕೊಳ್ಳಲು ಹೆದರುತ್ತಾರೆ. ಹೇಗೆ ವಿಂಗಡಿಸಬೇಕು? ಯಾವ ಭಾಷೆಯಲ್ಲಿ ಬರೆಯಬೇಕು?
- ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಹೊಸಬರು ಕೇಳುವುದು ‘ಇದು ನನಗೆ ಆದೀತೇ’ ಎಂದು; ಹಳಬರು ಕೇಳುವುದು ‘ಇದನ್ನು ಹಾಕಿಕೊಂಡರೆ ನನ್ನ ಪಟ್ಟಿಗೆ ಏನಾದೀತು’ ಎಂದು. ಈ ಎರಡು ಪ್ರಶ್ನೆಗಳಿಗೆ ಒಂದೇ ಕಡತದಲ್ಲಿ ಉತ್ತರಿಸಲು ಹೊರಟದ್ದರಿಂದಲೇ ನಿಮ್ಮ ರೀಡ್‌ಮಿ ಬೆಳೆದಿದೆ.

ರೀಡ್‌ಮಿಯ ಮೊದಲ ಪ್ಯಾರಾದಲ್ಲಿ ತಂತ್ರಾಂಶ ಏನು ಮಾಡುತ್ತದೆ, ಯಾರಿಗಾಗಿ ಇದೆ, ಏನನ್ನು ಮಾಡುವುದಿಲ್ಲ ಎಂಬುದು ಬರಲಿ. ಅನಂತರ ಇನ್‌ಸ್ಟಾಲ್ ಮಾಡುವ ಕ್ರಮ, ಅದಾದ ಮೇಲೆ ಒಂದು ಪುಸ್ತಕವನ್ನು ಸೇರಿಸಿ ಎರವಲು ಕೊಡುವವರೆಗಿನ ಹೆಜ್ಜೆಗಳು ಇದ್ದರೆ ಸಾಕು. ಉಳಿದವುಗಳಿಗೆ ಕೊಂಡಿ ಕೊಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಗ್ನೂ ಲಿನಕ್ಸ್ (ವಿಂಡೋಸ್‌ನ ಬದಲಿಗೆ ಬಳಸುವ ಮುಕ್ತ ಕಾರ್ಯಾಚರಣೆ ವ್ಯವಸ್ಥೆ) ಬಳಕೆಯಲ್ಲಿರುವುದರಿಂದ, ಶಾಲಾ ಗ್ರಂಥಾಲಯಗಳನ್ನೂ ಮುಟ್ಟುವ ಉದ್ದೇಶ ನಿಮಗಿದ್ದರೆ ವಿಂಡೋಸ್ ಕ್ರಮವೊಂದನ್ನೇ ಬರೆದು ನಿಲ್ಲಿಸಬೇಡಿ. ಬರೆದ ಹೆಜ್ಜೆಗಳನ್ನು ನಿಮ್ಮ ತಂಡದವರಲ್ಲದ ಒಬ್ಬರು, ನೀವು ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತಿರುವಾಗ, ಹಿಂದೆಂದೂ ಈ ತಂತ್ರಾಂಶ ಹಾಕದ ಕಂಪ್ಯೂಟರಿನಲ್ಲಿ ಮಾಡಿ ನೋಡಲಿ.

ಲೈಸೆನ್ಸಿನ ಪೂರ್ಣ ಪಠ್ಯಕ್ಕೆ ಪ್ರತ್ಯೇಕ ಕಡತವಿರಲಿ, ರೀಡ್‌ಮಿಯಲ್ಲಿ ಅದರ ಹೆಸರು ಮಾತ್ರ ಇರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯೆಂದೇ ಪರಿಗಣಿಸುವುದರಿಂದ, ಬಳಸಲು, ಬದಲಿಸಲು, ಹಂಚಲು ಅನುಮತಿ ಕೊಡುವ ಲೈಸೆನ್ಸ್ ಇಲ್ಲದ ಕೋಡ್ ಎಲ್ಲರ ಕಣ್ಣಿಗೆ ಬಿದ್ದರೂ ಮುಕ್ತ ತಂತ್ರಾಂಶವಾಗುವುದಿಲ್ಲ.

ಹೆಚ್ಚಿನ ಶ್ರಮ ಬೇಕಾದದ್ದು ಬಿಡುಗಡೆಯ ದಾಖಲೆಗೆ, ಅಂದರೆ ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಹೇಳುವ ಟಿಪ್ಪಣಿಗೆ. ಮುಕ್ತ ತಂತ್ರಾಂಶಗಳನ್ನು ರೂಪಿಸುವ ಗ್ನೂ ಯೋಜನೆಯವರು ಬಳಕೆದಾರರಿಗೆ ಕಾಣುವ ಬದಲಾವಣೆಗಳಿಗೆ ನ್ಯೂಸ್ ಎಂಬ ಕಡತವನ್ನೂ, ಕೋಡಿನ ಒಳಗಿನ ಬದಲಾವಣೆಗಳಿಗೆ ಚೇಂಜ್‌ಲಾಗ್ ಎಂಬುದನ್ನೂ ಬೇರೆಬೇರೆಯಾಗಿ ಇಟ್ಟುಕೊಂಡು ಬಂದಿದ್ದಾರೆ. ಇಂದು ಅನೇಕ ಯೋಜನೆಗಳು ಒಳವಿವರವನ್ನು ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನಕ್ಕೆ ಬಿಟ್ಟು, ಬಳಕೆದಾರರಿಗೆ ಬೇಕಾದದ್ದನ್ನೇ ಚೇಂಜ್‌ಲಾಗ್ ಎಂದು ಕರೆಯುತ್ತವೆ. ಹೆಸರು ಯಾವುದಾದರೂ ಆಗಲಿ, ಗಿಟ್‌ನ ಕಮಿಟ್ ಸಂದೇಶಗಳನ್ನು (ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಕಿರು ಟಿಪ್ಪಣಿಗಳನ್ನು) ಹಾಗೆಯೇ ತಂದು ಅಂಟಿಸುವುದು ಸರಿಯಲ್ಲ. ‘ಟೇಬಲ್ ರಚನೆ ಬದಲಾಗಿದೆ’ ಎಂಬ ಸಾಲಿನಿಂದ ಗ್ರಂಥಪಾಲಕರಿಗೆ ಏನೂ ತಿಳಿಯುವುದಿಲ್ಲ. ‘ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪಟ್ಟಿ ಹಳೆಯದರಲ್ಲಿ ತೆರೆಯುವುದಿಲ್ಲ, ಮೊದಲು ಬ್ಯಾಕಪ್ ತೆಗೆದಿಡಿ’ ಎಂದು ಬರೆದರೆ ಅವರ ಹೆದರಿಕೆಗೆ ಉತ್ತರ ಸಿಕ್ಕಿತು.

ನಿಮ್ಮದೇ ಕ್ಷೇತ್ರದ ಉದಾಹರಣೆ ಕೊಡುತ್ತೇನೆ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ವಿಶೇಷ ರೂಪಗಳಿಗೆ), ಎಲ್ಲ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್ ಮಾನದಂಡದ 2008ರ 5.1ನೇ ಆವೃತ್ತಿಯಲ್ಲಿ ಸ್ವತಂತ್ರ ಸಂಕೇತಗಳು ಬಂದವು. ಅದಕ್ಕೆ ಮೊದಲು ಅವನ್ನು ವ್ಯಂಜನ, ಅದರ ಸ್ವರವನ್ನು ತೆಗೆಯುವ ಚಂದ್ರಕಲೆ ಎಂಬ ಚಿಹ್ನೆ ಮತ್ತು ಕಣ್ಣಿಗೆ ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಎರಡೂ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ. ಇವೆರಡನ್ನೂ ಒಂದೆಂದು ಹುಡುಕುವ ಸೌಲಭ್ಯವನ್ನು ನೀವು ಸೇರಿಸಿದ ದಿನ, ಈವರೆಗೆ ಸಿಗದ ಪುಸ್ತಕಗಳು ಹುಡುಕಾಟದಲ್ಲಿ ಸಿಗತೊಡಗುತ್ತವೆ, ಬೇರೆಬೇರೆ ಎಂದು ನಮೂದಾಗಿದ್ದ ಲೇಖಕರು ಒಬ್ಬರೇ ಎಂದು ತಿಳಿಯುತ್ತದೆ. ಕೋಡಿನಲ್ಲಿ ಕೆಲವೇ ಸಾಲುಗಳ ಈ ಬದಲಾವಣೆ ಟಿಪ್ಪಣಿಯ ತಲೆಯಲ್ಲಿರಬೇಕು.

ಇಂಥ ಸಾಲನ್ನು ಬದಲಾವಣೆ ಮಾಡಿದವರೇ ಆಗಲೇ ಬರೆದು, ಕಡತದ ಮೇಲ್ಭಾಗದಲ್ಲಿ ‘ಇನ್ನೂ ಬಿಡುಗಡೆಯಾಗದ್ದು’ ಎಂಬ ತಲೆಬರಹದಡಿ ಸೇರಿಸುತ್ತಾ ಹೋಗಲಿ. ಬಿಡುಗಡೆಯ ದಿನ ಆ ತಲೆಬರಹದ ಜಾಗದಲ್ಲಿ ಸಂಖ್ಯೆಯೂ ದಿನಾಂಕವೂ ಬಂದರೆ ಆಯಿತು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಗೊಂದಲವಿರದು. ಸಂಖ್ಯೆಗೆ ಮೂರು ಅಂಕಿಗಳ ಪದ್ಧತಿಯೇ ಸಾಕು: ದೋಷ ಮಾತ್ರ ಸರಿಪಡಿಸಿದರೆ 1.4.2ರಿಂದ 1.4.3, ಹಳೆಯದಕ್ಕೆ ತೊಂದರೆಯಾಗದೆ ಹೊಸ ಸೌಲಭ್ಯ ಬಂದರೆ 1.5.0, ಹಳೆಯದರೊಂದಿಗೆ ಹೊಂದದ ಬದಲಾವಣೆಯಾದರೆ 2.0.0. ಮೇಲೆ ಹೇಳಿದ ಬ್ಯಾಕಪ್ ಎಚ್ಚರಿಕೆ ಬೇಕಾಗುವ ಆವೃತ್ತಿಯನ್ನು, ಎಷ್ಟೇ ಸಣ್ಣದೆನಿಸಿದರೂ, 1.4.3 ಎಂದು ಕರೆಯಬೇಡಿ.

ಭಾಷೆಯ ವಿಚಾರ. ಕೋಡಿಗೆ ಸಹಕರಿಸುವವರ ಮಾರ್ಗದರ್ಶಿ ಇಂಗ್ಲಿಷಿನಲ್ಲಿದ್ದರೆ ತಪ್ಪಿಲ್ಲ, ಆದರೆ ಪರಿಚಯ ಮತ್ತು ಬಿಡುಗಡೆ ಟಿಪ್ಪಣಿಗಳು ವಾಚನಾಲಯದವರು ಓದುವ ಕನ್ನಡ, ಮಲಯಾಳಗಳಲ್ಲಿರಲೇಬೇಕು. ಎರಡರಲ್ಲಿ ಯಾವುದು ಮೂಲ ಎಂದು ನಿಮ್ಮೊಳಗೆ ಈಗಲೇ ನಿಶ್ಚಯಿಸಿಕೊಂಡು, ಇನ್ನೊಂದರ ಮೇಲ್ಭಾಗದಲ್ಲಿ ಅದು ಯಾವ ಆವೃತ್ತಿಯವರೆಗಿನ ವಿವರವನ್ನು ಒಳಗೊಂಡಿದೆ ಎಂದು ಸಂಖ್ಯೆ ಸಹಿತ ನಮೂದಿಸಿ.