ಹಳೆ ಕಾರಿನ ಲೈಟ್ ಉರಿಯುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಮನೆಯಲ್ಲೇ ಸರಿಮಾಡಬಹುದಾ?

ಮೊದಲು ಬ್ಯಾಟರಿ ಟರ್ಮಿನಲ್ ನೋಡಿ. ಅಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದೇ ಕಾರಣ ಇರಬಹುದು, ಮನೆಯಲ್ಲೇ ಸರಿಮಾಡಬಹುದು. ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್ ಕರೆಂಟ್ ಸಾಕು. ಸ್ಟಾರ್ಟರ್ ಮೋಟಾರಿಗೆ ಸಾಮಾನ್ಯವಾಗಿ 100ಕ್ಕಿಂತ ಜಾಸ್ತಿ ಬೇಕು. ಪುಡಿ ಅಡ್ಡ ಕೂತರೆ ಅಷ್ಟು ಕರೆಂಟ್ ಹಾಯುವುದಿಲ್ಲ, ಬರೀ ‘ಟಿಕ್’ ಅನ್ನುತ್ತದೆ. ಸುಮ್ನೆ ಹೊಸ ಬ್ಯಾಟರಿ ತರಬೇಡಿ.

ಕೀ ತೆಗೆದು, ಮೈನಸ್ ವೈರನ್ನೇ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಇದನ್ನು ದಯವಿಟ್ಟು ಮರೆಯಬೇಡಿ. ಕಾರಿನ ಬಾಡಿಯೇ ಮೈನಸ್ ಅಲ್ವಾ? ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಗ್ಲೌಸ್ ಹಾಕಿಕೊಂಡು, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ. ಒರೆಸಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ.